ಕಂಡದ್ದನ್ನೆಲ್ಲ ಬರೆಯೋಣ, ಬರೆದದ್ದನ್ನೆಲ್ಲ ಸಾರುವುದು ಬೇಡ

ಹಕ್ಕಿ ನೋಡುವವರಿಗೆ ಎರಡು ಕೆಲಸಗಳಿರುತ್ತವೆ. ಕಂಡದ್ದನ್ನು ಬರೆದಿಡುವುದು ಒಂದು, ಕಂಡ ಜಾಗವನ್ನು ನಾಲ್ಕು ಜನಕ್ಕೆ ಹೇಳುವುದು ಇನ್ನೊಂದು. ಮೊಬೈಲ್ ಕೈಗೆ ಬಂದಮೇಲೆ ಇವೆರಡೂ ಬೆರೆತುಹೋಗಿವೆ. ಫೋಟೊ ತೆಗೆದ ಮರುಗಳಿಗೆಯೇ ಅದು ಹತ್ತು ವಾಟ್ಸಾಪ್ ಗುಂಪುಗಳಿಗೆ ಹೋಗುತ್ತದೆ, ಜೊತೆಗೆ ಜಾಗದ ಗುರುತೂ ಹೋಗುತ್ತದೆ. ಆದರೆ ಆ ದಿನ ಅಲ್ಲಿ ಬೇರೆ ಯಾವ ಹಕ್ಕಿಗಳಿದ್ದವು, ಎಷ್ಟಿದ್ದವು, ಎಷ್ಟು ಹೊತ್ತು ನೋಡಿದೆವು ಎಂಬುದು ಎಲ್ಲೂ ದಾಖಲಾಗುವುದಿಲ್ಲ. ವಿಜ್ಞಾನಕ್ಕೆ ಬೇಕಾದ ಮಾಹಿತಿ ಉಳಿಯುವುದಿಲ್ಲ, ಹಕ್ಕಿಗೆ ತೊಂದರೆ ತರುವ ಮಾಹಿತಿ ಮಾತ್ರ ಊರೆಲ್ಲ ಹರಡುತ್ತದೆ.

ವಸಂತದಲ್ಲಿ ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಚಳಿಗಾಲದಲ್ಲಿ ಕೆರೆಗೆ ಬಂದ ಬಾತುಗಳನ್ನು ನೋಡಲು ಇಪ್ಪತ್ತು ಜನ ಹೋದರೆ ಅವು ಹಾರಿ ಆಚೆ ದಡ ಸೇರುತ್ತವೆ. ಮೊಟ್ಟೆಯ ಮೇಲೆ ಕೂತ ತಾಯಿಹಕ್ಕಿ ಹಾಗೆ ಜಾಗ ಬದಲಿಸಲಾರದು. ಬರೆಯುವಾಗ ಧಾರಾಳವಾಗಿರಿ, ಸಾರುವಾಗ ಕೈ ಬಿಗಿಹಿಡಿಯಿರಿ: ಈ ಲೇಖನ ಹೇಳುವುದು ಇಷ್ಟೇ. ಅದನ್ನು ಪಾಲಿಸುವುದು ಹೇಗೆಂದು ಒಂದೊಂದಾಗಿ ನೋಡೋಣ.

ನಮ್ಮ ವಸಂತದಲ್ಲಿ ಏನೇನು ನಡೆಯುತ್ತದೆ?

ಕರ್ನಾಟಕದ ವಸಂತದಲ್ಲಿ ಎರಡು ದೊಡ್ಡ ಘಟನೆಗಳು ಒಟ್ಟಿಗೇ ನಡೆಯುತ್ತವೆ. ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳು ಹೊರಡುತ್ತವೆ, ಇಲ್ಲಿಯೇ ನೆಲೆಸಿದ ಹಕ್ಕಿಗಳು ಗೂಡು ಕಟ್ಟುತ್ತವೆ.

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆದ ಪಟ್ಟೆತಲೆ ಹೆಬ್ಬಾತುಗಳು ಬಿಸಿಲೇರುತ್ತಿದ್ದಂತೆ ಹಿಮಾಲಯದಾಚೆಗೆ, ಟಿಬೆಟ್ ಮತ್ತು ಮಂಗೋಲಿಯದ ಕಡೆಗೆ ಮರಳುತ್ತವೆ. ಮುತ್ತುಗ ಮತ್ತು ಬೂರುಗದ ಹೂಗಳಿಗೆ ಮುತ್ತುವ ಗುಲಾಬಿ ಕಬ್ಬಕ್ಕಿಗಳ ಹಿಂಡುಗಳು ಏಪ್ರಿಲ್ ವೇಳೆಗೆ ಮಧ್ಯ ಏಷ್ಯಾದ ದಾರಿ ಹಿಡಿಯುತ್ತವೆ. ತೋಟದ ಎಲೆಮರೆಯಲ್ಲಿ ಓಡಾಡುವ ಪುಟ್ಟ ಉಲಿಯಕ್ಕಿಗಳೂ, ಗದ್ದೆಯಂಚಿನ ವಲಸೆ ಕುಂಡೆಕುಸ್ಕಗಳೂ ಸದ್ದಿಲ್ಲದೆ ಮಾಯವಾಗುತ್ತವೆ.

ಅದೇ ಹೊತ್ತಿನಲ್ಲಿ ಕೋಗಿಲೆ ಕಾಗೆಯ ಗೂಡಿಗೆ ಹೊಂಚು ಹಾಕುತ್ತಿರುತ್ತದೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಆಕಾಶದಲ್ಲಿ ಲಾಗ ಹಾಕಿ ಜೊತೆಗಾತಿಯನ್ನು ಒಲಿಸಿ, ಮರದ ಪೊಟರೆ ಸೇರುತ್ತದೆ. ಶ್ರೀರಂಗಪಟ್ಟಣದ ಸುತ್ತ ಕಾವೇರಿ ದಂಡೆಯ ಮಣ್ಣಿನ ಗೋಡೆಗಳಲ್ಲಿ ನೀಲಿಬಾಲದ ಕಳ್ಳಿಪೀರಗಳು ಬಿಲ ಕೊರೆಯುತ್ತವೆ. ಭದ್ರಾ ಹಿನ್ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳ ಬರಿನೆಲದಲ್ಲಿ ನದಿ ರೀವಗಳು, ಅಂದರೆ ರಿವರ್ ಟರ್ನ್‌ಗಳು, ಮೊಟ್ಟೆಯಿಡುತ್ತವೆ. ಪಶ್ಚಿಮ ಘಟ್ಟದಲ್ಲಿ ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಹೋಗಿ ಪೊಟರೆಯ ಬಾಯಿ ಮುಚ್ಚಿಕೊಂಡಿರುತ್ತದೆ. ತಿಂಗಳುಗಟ್ಟಲೆ ಅದರ ಹೊಟ್ಟೆ ತುಂಬುವುದು ಗಂಡು ತಂದುಕೊಡುವ ಹಣ್ಣುಹಂಪಲಿನಿಂದ.

ಹೊರಡುವ ಹಕ್ಕಿಗಳ ವಿಷಯದಲ್ಲಿ ನಿಖರವಾದ ದಾಖಲೆ ಬೇಕು, ಗೂಡಿನ ಹಕ್ಕಿಗಳ ವಿಷಯದಲ್ಲಿ ದಾಖಲೆಯ ಜೊತೆಗೆ ಎಚ್ಚರವೂ ಬೇಕು.

ಪೂರ್ತಿ ಪಟ್ಟಿಯ ಬೆಲೆ

ನಮ್ಮಲ್ಲಿ ಹಕ್ಕಿ ದಾಖಲೆಗೆ ಹೆಚ್ಚು ಬಳಕೆಯಲ್ಲಿರುವುದು ಇ-ಬರ್ಡ್. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ 2002ರಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಭಾರತದ ಭಾಗವನ್ನು ಬರ್ಡ್ ಕೌಂಟ್ ಇಂಡಿಯಾ ಎಂಬ ಒಕ್ಕೂಟ ನೋಡಿಕೊಳ್ಳುತ್ತದೆ. ಮೊಬೈಲ್ ಆ್ಯಪ್ ಉಚಿತ. ನೋಡಲು ಶುರುಮಾಡಿದಾಗ ಪಟ್ಟಿ ತೆರೆದರೆ ಸಮಯ ಮತ್ತು ನಡೆದ ದೂರವನ್ನು ಅದೇ ಲೆಕ್ಕ ಹಾಕುತ್ತದೆ. ಆ್ಯಪ್ ಬೇಡವೆನ್ನುವವರಿಗೆ ನೋಟ್‌ಬುಕ್ ಸಾಕು. ಮನೆಗೆ ಬಂದು ಹಳೆಯ ತಾರೀಕಿನಲ್ಲೂ ಪಟ್ಟಿ ಸೇರಿಸಬಹುದು.

ಒಂದು ಪಟ್ಟಿಯಲ್ಲಿ ಇರಬೇಕಾದದ್ದು ಇಷ್ಟು: ತಾರೀಕು, ಶುರುಮಾಡಿದ ಹೊತ್ತು, ನೋಡಿದ ಅವಧಿ, ನಡೆದ ದೂರ, ಜೊತೆಗಿದ್ದವರ ಸಂಖ್ಯೆ, ಜಾಗ, ಹಕ್ಕಿಗಳ ಹೆಸರು ಮತ್ತು ಎಣಿಕೆ. ಕನಿಷ್ಠ ಹದಿನೈದು ನಿಮಿಷ ನೋಡಿ. ಒಂದು ಕೆರೆಗೆ ಒಂದು ಪಟ್ಟಿ, ಪಕ್ಕದ ಕುರುಚಲು ಗುಡ್ಡಕ್ಕೆ ಇನ್ನೊಂದು. ಮೈಸೂರಿನಿಂದ ಹೊರಟು ನಂಜನಗೂಡು ಮುಟ್ಟುವ ತನಕ ಕಂಡದ್ದನ್ನೆಲ್ಲ ಒಂದೇ ಪಟ್ಟಿಗೆ ತುಂಬಿದರೆ ಯಾವ ಹಕ್ಕಿ ಎಲ್ಲಿತ್ತೆಂದು ಆಮೇಲೆ ಯಾರಿಗೂ ಬಿಡಿಸಲಾಗದು.

ಕೊನೆಯಲ್ಲಿ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಇಲ್ಲಿ ಬರೆದಿದ್ದೀರಾ? ಇದಕ್ಕೆ ಹೌದೆನ್ನಬೇಕಾದರೆ ಕಾಗೆ, ಗೊರವಂಕ, ಪಾರಿವಾಳಗಳೂ ಪಟ್ಟಿಯಲ್ಲಿರಬೇಕು. ಅಪರೂಪದ್ದನ್ನು ಮಾತ್ರ ಬರೆಯುವವರು ದೊಡ್ಡ ವ್ಯಾಪಾರವನ್ನಷ್ಟೇ ಲೆಕ್ಕಕ್ಕೆ ಬರೆಯುವ ಅಂಗಡಿಯವನಿದ್ದಂತೆ. ವರ್ಷದ ಕೊನೆಗೆ ಲಾಭವೋ ನಷ್ಟವೋ ಗೊತ್ತಾಗುವುದಿಲ್ಲ. ಪೂರ್ತಿ ಪಟ್ಟಿಯಲ್ಲಿ ಒಂದು ಹಕ್ಕಿಯ ಹೆಸರಿಲ್ಲವೆಂದರೆ ಅದು ಆ ಹೊತ್ತು ಅಲ್ಲಿ ಕಾಣಲಿಲ್ಲ ಎಂದು ಅರ್ಥ. ಅರೆಬರೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅದಕ್ಕೆ ಯಾವ ಅರ್ಥವೂ ಇಲ್ಲ.

ಇಂಥ ಪಟ್ಟಿಗಳಿಂದ ಏನಾಗುತ್ತದೆ ಎಂಬುದಕ್ಕೆ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯೇ ಸಾಕ್ಷಿ. ಸುಮಾರು 30 ಸಾವಿರ ಪಕ್ಷಿವೀಕ್ಷಕರ 3 ಕೋಟಿಯಷ್ಟು ದಾಖಲೆಗಳನ್ನು ಆಧರಿಸಿ ಅದು 942 ಪ್ರಭೇದಗಳ ಸ್ಥಿತಿಯನ್ನು ಅಳೆಯಿತು. ಎಲ್ಲೆಡೆ ಕಾಣುತ್ತದೆಂದು ನಾವು ನಂಬಿದ್ದ ನೀಲಕಂಠ ಗಣನೀಯವಾಗಿ ಕಡಿಮೆಯಾಗಿದೆ ಎಂಬುದು ಹೊರಬಿದ್ದದ್ದೂ ಅಲ್ಲಿಯೇ. ನೀಲಕಂಠ ಕಂಡ ಪಟ್ಟಿಗಳ ಜೊತೆಗೆ ಕಾಣದ ಪಟ್ಟಿಗಳೂ ಸೇರಿದ್ದರಿಂದ ಅದು ತಿಳಿಯಿತು.

ಕೊನೆಯ ದಿನವನ್ನು ಹಿಡಿಯುವುದು

ವಲಸೆ ಹಕ್ಕಿ ಬಂದ ದಿನವನ್ನು ಬರೆಯುವುದು ಸುಲಭ. ಹೊಸ ಕೂಗು ಕೇಳಿದೊಡನೆ ಕಿವಿ ನಿಮಿರುತ್ತದೆ. ಹೋದ ದಿನ ಹಾಗಲ್ಲ. ಇವತ್ತು ಕಂಡದ್ದೇ ಈ ವರ್ಷದ ಕೊನೆಯದು ಎಂದು ಕಾಣುವಾಗ ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೆ ಒಂದೇ ಉಪಾಯ, ಒಂದೇ ಜಾಗವನ್ನು ಪ್ರತಿವಾರ ನೋಡಿ ಪೂರ್ತಿ ಪಟ್ಟಿ ಮಾಡುವುದು.

ನಿಮ್ಮೂರ ಕೆರೆಯಿಂದ ಮಾರ್ಚ್‌ನಲ್ಲಿ ಹತ್ತು ಪಟ್ಟಿಗಳು ಬಂದು, ಅವುಗಳಲ್ಲಿ ಎಂಟರಲ್ಲಿ ಉಲಿಯಕ್ಕಿ ಇತ್ತು ಎಂದಿಟ್ಟುಕೊಳ್ಳಿ. ಏಪ್ರಿಲ್‌ನ ಹತ್ತರಲ್ಲಿ ನಾಲ್ಕಕ್ಕೆ ಇಳಿಯಿತು, ಮೇನಲ್ಲಿ ಒಂದರಲ್ಲೂ ಇಲ್ಲ. 80, 40, 0 ಎಂಬ ಈ ಶೇಕಡಾ ಲೆಕ್ಕವೇ ನಿರ್ಗಮನದ ರೇಖೆ. ಹತ್ತು ವರ್ಷಗಳ ರೇಖೆಗಳನ್ನು ಒಂದರ ಪಕ್ಕ ಒಂದಿಟ್ಟರೆ ಹಕ್ಕಿಗಳು ಬೇಗ ಹೊರಡುತ್ತಿವೆಯೋ ತಡವಾಗಿಯೋ ಎಂದು ಹೇಳಬಹುದು. ನೋಡಲು ಹೋಗಿ ಉಲಿಯಕ್ಕಿ ಕಾಣದ ಮೇ ತಿಂಗಳ ಪಟ್ಟಿ ಇಲ್ಲದಿದ್ದರೆ ಈ ರೇಖೆ ಮುಗಿಯುವುದೇ ಇಲ್ಲ. ಆದ್ದರಿಂದ ಬಿಸಿಲೆಂದು ಮೇ ತಿಂಗಳು ಮನೆಯಲ್ಲಿ ಕೂರಬೇಡಿ.

ಈ ಕೆಲಸದಲ್ಲಿ ಪ್ರಭೇದದ ಹೆಸರು ಸರಿಯಾಗಿರಬೇಕು. ಕುಂಡೆಕುಸ್ಕವನ್ನೇ ನೋಡಿ. ಕಪ್ಪು ಬಿಳುಪಿನ, ಬಿಳಿ ಹುಬ್ಬಿನ ದೊಡ್ಡ ಕುಂಡೆಕುಸ್ಕ ವರ್ಷವಿಡೀ ಇಲ್ಲಿಯೇ ಇರುವ ಹಕ್ಕಿ. ಹೊಟ್ಟೆಯಡಿ ಹಳದಿಯಿರುವ ಬೂದು ಕುಂಡೆಕುಸ್ಕ ಚಳಿಗಾಲದ ಅತಿಥಿ. ಮೇ ತಿಂಗಳಲ್ಲಿ ಬರೀ ಕುಂಡೆಕುಸ್ಕವೆಂದು ಬರೆದರೆ ಒಂದು ವಲಸೆ ಹಕ್ಕಿ ಹೊರಡಲೇ ಇಲ್ಲವೆಂಬ ಸುಳ್ಳು ದಾಖಲೆ ಹುಟ್ಟಬಹುದು. ಗುರುತು ಖಚಿತವಾಗದಿದ್ದರೆ ಗುಂಪಿನ ಮಟ್ಟದಲ್ಲಿಯೇ ನಿಲ್ಲಿಸಲು ಇ-ಬರ್ಡ್‌ನಲ್ಲಿ ಅವಕಾಶವಿದೆ.

ಹೆಬ್ಬಾತಿನ ಕೊರಳಲ್ಲಿ ಪಟ್ಟಿಯೋ ಬೇರೆ ಹಕ್ಕಿಯ ಕಾಲಲ್ಲಿ ಉಂಗುರವೋ ಕಂಡರೆ ಅದರ ಬಣ್ಣ, ಮೇಲಿನ ಅಕ್ಷರ ಮತ್ತು ಅಂಕಿಗಳನ್ನು ತಪ್ಪದೆ ಬರೆದುಕೊಳ್ಳಿ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಪತ್ತೆಯಾಗಿರುವುದು ಹೀಗೆ ಬರೆದುಕೊಂಡವರಿಂದಲೇ.

ಎಣಿಕೆ ಮತ್ತು ಗುರುತು

ಹಿಂಡನ್ನು ಎಣಿಸುವಾಗ ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅಷ್ಟು ಹಕ್ಕಿ ಕಣ್ಣಿಗೆ ಎಷ್ಟು ಜಾಗ ತುಂಬುತ್ತದೆಂದು ನೋಡಿಕೊಳ್ಳಿ. ಇಡೀ ಹಿಂಡಿನಲ್ಲಿ ಅಂಥ ಎಷ್ಟು ತುಂಡುಗಳಿವೆ ಎಂದು ಲೆಕ್ಕ ಹಾಕಿದರೆ ಸುಮಾರಾದ ಎಣಿಕೆ ಸಿಗುತ್ತದೆ. ‘ತುಂಬಾ ಇದ್ದವು’ ಎಂಬುದಕ್ಕಿಂತ ‘ಸುಮಾರು 200’ ಎಷ್ಟೋ ಮೇಲು.

ಕೂಗಿನಿಂದ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಕಲಿಯುವವರಿಗೆ ದೊಡ್ಡ ನೆರವು. ಆದರೆ ಅದು ತೋರಿಸಿದ ಹೆಸರು ಒಂದು ಸುಳಿವು ಮಾತ್ರ. ಭೀಮರಾಜ ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ತದ್ರೂಪಾಗಿ ಅನುಕರಿಸುತ್ತದೆ. ಆ್ಯಪ್ ಅದನ್ನು ಕೇಳಿ ಅಲ್ಲಿಲ್ಲದ ಹಕ್ಕಿಗಳ ಹೆಸರು ಹೇಳಬಲ್ಲದು. ಹಕ್ಕಿಯನ್ನು ಕಣ್ಣಾರೆ ಕಂಡು, ಇಲ್ಲವೆ ಕೂಗನ್ನು ನೀವೇ ಗುರುತು ಹಿಡಿದು ಬರೆಯಿರಿ. ಅಸಾಮಾನ್ಯ ದಾಖಲೆ ಬಂದಾಗ ಇ-ಬರ್ಡ್‌ನ ಸ್ಥಳೀಯ ಪರಿಶೀಲಕರು, ಸ್ವಯಂಸೇವಕರಾದ ಅನುಭವಿ ವೀಕ್ಷಕರು, ವಿವರ ಕೇಳಿ ಬರೆಯುತ್ತಾರೆ. ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಬಣ್ಣ, ಗಾತ್ರ, ವರ್ತನೆ, ಕೂಗು, ಇದ್ದರೆ ಫೋಟೊ ಕೊಟ್ಟರಾಯಿತು. ಆಧಾರ ಸಾಲದಿದ್ದರೆ ದಾಖಲೆಯನ್ನು ತಿದ್ದುವುದೂ ಈ ಕೆಲಸದ ಒಂದು ಭಾಗವೇ.

ಗೂಡನ್ನು ತೋರಿಸದೆ ಸಂತಾನದ ಸುದ್ದಿ ಬರೆಯುವುದು

ಗೂಡಿನ ಜಾಗ ಹೇಳದೆ ಸಂತಾನೋತ್ಪತ್ತಿಯ ಮಾಹಿತಿ ಕೊಡುವುದು ಹೇಗೆಂದು ಹಲವರು ಕೇಳುತ್ತಾರೆ. ಅದಕ್ಕೂ ದಾರಿಯಿದೆ. ಇ-ಬರ್ಡ್ ಪಟ್ಟಿಯಲ್ಲಿ ಪ್ರತಿ ಹಕ್ಕಿಯ ಎದುರು ಅದರ ವರ್ತನೆಯನ್ನು ಸೂಚಿಸಬಹುದು: ಗೂಡಿಗೆ ನಾರು ಒಯ್ಯುತ್ತಿತ್ತು, ಮರಿಗೆ ತುತ್ತು ಒಯ್ಯುತ್ತಿತ್ತು, ಹೊಸದಾಗಿ ಹಾರಲು ಕಲಿತ ಮರಿಯಿತ್ತು. ಕಾಗೆಯೊಂದು ಕೋಗಿಲೆ ಮರಿಗೆ ಉಣಿಸುವುದು ಕಂಡರೆ ಅದನ್ನೂ ಟಿಪ್ಪಣಿಯಲ್ಲಿ ಬರೆಯಬಹುದು. ಪಟ್ಟಿ ಇಡೀ ಕೆರೆಯ ಅಥವಾ ಬಡಾವಣೆಯ ಹೆಸರಿನಲ್ಲಿರುತ್ತದೆ. ಈ ತಿಂಗಳು ಇಲ್ಲಿ ಸೂರಕ್ಕಿ ಮರಿ ಮಾಡುತ್ತಿದೆ ಎಂಬಷ್ಟು ವಿಜ್ಞಾನಕ್ಕೆ ತಿಳಿದರೆ ಸಾಕು. ಮೂರನೇ ಕ್ರಾಸಿನ ಯಾವ ದಾಸವಾಳದ ಗಿಡ ಎಂಬುದು ಬೇಕಿಲ್ಲ.

ಮನೆಯಂಗಳದ ಪಟ್ಟಿಗೂ ಇದೇ ನಿಯಮ. ಮನೆಯ ಹೆಸರು, ಬಾಗಿಲ ಸಂಖ್ಯೆ ಹಾಕದೆ ಬಡಾವಣೆಯ ಹೆಸರು ಕೊಡಿ. ಸಾರ್ವಜನಿಕ ಕೆರೆ, ಉದ್ಯಾನಗಳಿಗೆ ಈಗಾಗಲೇ ಗುರುತಿಸಿರುವ ಹಾಟ್‌ಸ್ಪಾಟ್ ಆರಿಸಿದರೆ ಎಲ್ಲರ ಪಟ್ಟಿಗಳೂ ಒಂದೆಡೆ ಸೇರುತ್ತವೆ.

ಕೆಲವು ಹಕ್ಕಿಗಳ ಜಾಗವನ್ನು ವ್ಯವಸ್ಥೆಯೇ ಮರೆಮಾಡುತ್ತದೆ. ಬಳ್ಳಾರಿ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಉಳಿದ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಇ-ಬರ್ಡ್‌ನ ಸೂಕ್ಷ್ಮ ಪ್ರಭೇದಗಳ ಸಾಲಿನಲ್ಲಿದೆ. ಅಂಥ ಹಕ್ಕಿಯನ್ನು ನೀವು ಎಷ್ಟೇ ನಿಖರವಾಗಿ ದಾಖಲಿಸಿದರೂ ಇತರರಿಗೆ ಕಾಣುವುದು 400 ಚದರ ಕಿಲೋಮೀಟರಿನ ಚೌಕವೊಂದರಲ್ಲಿ ಇದೆ ಎಂಬಷ್ಟೇ. ಐನ್ಯಾಚುರಲಿಸ್ಟ್ ಎಂಬ ಇನ್ನೊಂದು ದಾಖಲೆ ಜಾಲತಾಣ ಬಳಸುವವರು ಜಾಗವನ್ನು ಮಸುಕಾಗಿಸುವ ಆಯ್ಕೆಯನ್ನು ತಾವೇ ಒತ್ತಬಹುದು. ಆಗ ನಿಜವಾದ ಬಿಂದುವಿನ ಬದಲು ಸುಮಾರು 20 ಕಿಲೋಮೀಟರ್ ಅಗಲದ ಪ್ರದೇಶ ತೋರುತ್ತದೆ. ಆದರೆ ಯಾವ ವ್ಯವಸ್ಥೆಯೂ ನಿಮ್ಮ ವಾಟ್ಸಾಪ್ ಸಂದೇಶವನ್ನು ಮಸುಕಾಗಿಸುವುದಿಲ್ಲ.

ಹೇಳುವ ಮುನ್ನ ಮೂರು ಪ್ರಶ್ನೆ

ಜಾಗ ಹಂಚಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಹಕ್ಕಿ ಗೂಡಿನಲ್ಲಿದೆಯೇ? ಕಳ್ಳಸಾಗಣೆದಾರರಿಗೋ ಫೋಟೊ ಹಿಂದೆ ಬಿದ್ದವರಿಗೋ ಇದರ ಮೇಲೆ ಆಸೆಯಿದೆಯೇ? ಜನ ಬಂದರೆ ಆ ಜಾಗ ತಾಳುತ್ತದೆಯೇ, ಕಾಯುವವರಿದ್ದಾರೆಯೇ?

ಮೂರಕ್ಕೂ ಉತ್ತರ ಸಮಾಧಾನಕರವಾಗಿದ್ದರೆ ಸಂತೋಷದಿಂದ ಹೇಳಿ. ಲಾಲ್‌ಬಾಗಿನಲ್ಲಿ ಕಂಚುಕುಟಿಗ ಕೂಗುತ್ತಿದೆ ಎಂದರೆ ಹೊಸಬರು ಬಂದು ನೋಡಲಿ, ಕಲಿಯಲಿ. ಒಂದಕ್ಕಾದರೂ ಅನುಮಾನ ಬಂದರೆ ತಾಲ್ಲೂಕಿನ ಹೆಸರಷ್ಟೇ ಹೇಳಿ, ಅದೂ ಮರಿಗಳು ಹಾರಿಹೋದ ಮೇಲೆ. ಮಂಗಟ್ಟೆಯ ಗೂಡಿನ ಮರ, ಗೂಬೆಯ ಪೊಟರೆ, ಗಿಳಿಮರಿಗಳಿರುವ ತೆಂಗಿನ ಮೋಟು ಇವುಗಳ ಸುದ್ದಿ ಯಾವ ಗುಂಪಿಗೂ ಹೋಗಬಾರದು. ಗಿಳಿಮರಿ ಕದಿಯುವವರು ಹುಡುಕುವುದು ಇಂಥ ಸುದ್ದಿಯನ್ನೇ. ಮಂಗಟ್ಟೆಯ ಮರದಡಿ ಜನ ನಿಂತರೆ ಗಂಡು ಹಣ್ಣು ಹಿಡಿದು ದೂರದಲ್ಲೇ ಕಾಯುತ್ತದೆ, ಒಳಗಿರುವ ತಾಯಿ ಮರಿಗಳು ಹಸಿದಿರುತ್ತವೆ.

ಎಲ್ಲ ಗೂಡುಗಳೂ ಗುಟ್ಟಾಗಿರಬೇಕು ಎಂದೇನಿಲ್ಲ. ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಲೋಕಕ್ಕೆಲ್ಲ ಗೊತ್ತಿರುವ ಊರು ಅದು, 2007ರಲ್ಲಿ ಸಮುದಾಯ ಮೀಸಲು ಪ್ರದೇಶವೂ ಆಯಿತು. ಅಲ್ಲಿ ಹಕ್ಕಿಗಳನ್ನು ಕಾಯುವವರು ಊರವರೇ. ಇಂಥ ಕಾವಲು ಇಲ್ಲದ ಕಡೆ ಗುಟ್ಟೇ ಹಕ್ಕಿಗೆ ರಕ್ಷಣೆ.

ಫೋಟೊದ ವಿಷಯದಲ್ಲಿ ಇನ್ನಷ್ಟು ಗಮನ ಬೇಕು. ಮೊಬೈಲ್ ಫೋಟೊದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಅಡಗಿರಬಹುದು. ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಆ ಮಾಹಿತಿಯೂ ಜೊತೆಗೇ ಹೋಗುತ್ತದೆ. ಕ್ಯಾಮೆರಾದ ಲೊಕೇಶನ್ ಆಯ್ಕೆಯನ್ನು ಆಫ್ ಮಾಡಿಟ್ಟರೆ ಒಳ್ಳೆಯದು. ಹಿನ್ನೆಲೆಯಲ್ಲಿ ಕಾಣುವ ಗುಡಿಯ ಗೋಪುರ, ಮೈಲಿಗಲ್ಲು, ಮೊಬೈಲ್ ಟವರ್ ಕೂಡ ಊರಿನವರಿಗೆ ಜಾಗ ಹೇಳಿಬಿಡುತ್ತವೆ.

ಗೂಡು ಎದುರಾದಾಗ

ಗೂಡು ಹುಡುಕಿಕೊಂಡು ಹೋಗಬೇಡಿ. ಅಕಸ್ಮಾತ್ ಎದುರಾದರೆ ಮುಂದೆ ನಡೆಯಿರಿ. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಕೂಗುತ್ತಿದ್ದರೆ, ಹಕ್ಕಿಯೊಂದು ಕೊಕ್ಕಿನಲ್ಲಿ ಹುಳ ಹಿಡಿದು ಗೂಡಿಗೆ ಹೋಗದೆ ಕೊಂಬೆಯಿಂದ ಕೊಂಬೆಗೆ ಚಡಪಡಿಸುತ್ತಿದ್ದರೆ, ರೆಕ್ಕೆ ಮುರಿದಂತೆ ನೆಲದಲ್ಲಿ ಹೊರಳಾಡಿ ನಿಮ್ಮನ್ನು ಬೇರೆಡೆ ಸೆಳೆಯುತ್ತಿದ್ದರೆ ನೀವು ಆಗಲೇ ತೀರಾ ಹತ್ತಿರ ಬಂದಿದ್ದೀರಿ. ಬಂದ ದಾರಿಯಲ್ಲೇ ಹಿಂದಿರುಗಿ.

ಬಯಲಲ್ಲಿ ಗೂಡು ಮಾಡುವ ಹಕ್ಕಿಗಳಿಗೆ ಬಿಸಿಲೇ ಮೊದಲ ಶತ್ರು. ಟಿಟ್ಟಿಭ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳಿಗೆ ತಂಪೆರೆಯುತ್ತದೆ. ಭದ್ರಾ ನಡುಗಡ್ಡೆಯ ರೀವಗಳೂ ಸುಡುವ ನೆಲದ ಮೇಲೆ ಮೊಟ್ಟೆಗೆ ನೆರಳಾಗಿ ನಿಲ್ಲುತ್ತವೆ. ಒಳ್ಳೆಯ ಫೋಟೊಗೆಂದು ಅರ್ಧ ಗಂಟೆ ಅವುಗಳನ್ನು ಎಬ್ಬಿಸಿದರೆ ಮೊಟ್ಟೆಯೊಳಗಿನ ಜೀವ ಬೇಯಬಹುದು, ಕಾಗೆ ಹದ್ದುಗಳಿಗೂ ದಾರಿ ತೋರಿಸಿದಂತಾಗುತ್ತದೆ. ಗೂಡು ಚೆನ್ನಾಗಿ ಕಾಣಲೆಂದು ಮುಂದಿನ ರೆಂಬೆ ಕತ್ತರಿಸುವುದು ಕ್ರೌರ್ಯ. ಮುಚ್ಚಿದ್ದ ಎಲೆಗಳೇ ಆ ಮರಿಗಳಿಗೆ ನೆರಳು, ಅವೇ ಮರೆ.

ಕೂಗಿನ ರೆಕಾರ್ಡಿಂಗ್ ನುಡಿಸಿ ಹಕ್ಕಿಯನ್ನು ಹೊರಗೆಳೆಯುವುದೂ ವಸಂತದಲ್ಲಿ ಬೇಡ. ಗಂಡುಹಕ್ಕಿ ತನ್ನ ಎಲ್ಲೆಯೊಳಗೆ ಎದುರಾಳಿ ನುಗ್ಗಿದನೆಂದು ತಿಳಿದು, ಮರಿಗಳಿಗೆ ಉಣಿಸಬೇಕಾದ ಹೊತ್ತನ್ನು ಇಲ್ಲದ ಶತ್ರುವಿನೊಡನೆ ಕಾದಾಡುವುದರಲ್ಲಿ ಕಳೆಯುತ್ತದೆ.

ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದು ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ.

ಹೊಲದಂಚಿನಲ್ಲಿ ನಿಲ್ಲುವ ಮುನ್ನ ಹೊಲದವರನ್ನು ಕೇಳಿ. “ಯಜಮಾನ್ರೇ, ಈ ಬದುವಿನ ಮೇಲೆ ನಿಂತು ಹಕ್ಕಿ ನೋಡ್ಕೊಳ್ಲಾ?” ಎಂದರೆ ಬೇಡವೆನ್ನುವವರು ಕಡಿಮೆ. ಗದ್ದೆಯಲ್ಲಿ ಟಿಟ್ಟಿಭದ ಮೊಟ್ಟೆ ಎಲ್ಲಿದೆ, ಈ ವರ್ಷ ಕೊಕ್ಕರೆ ಯಾವಾಗ ಬಂತು ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಹೇಳಿದ್ದನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಿ, ಜಾಗದ ಗುಟ್ಟನ್ನು ಅವರ ಜೊತೆ ಸೇರಿ ಕಾಯಿರಿ.

ಹೇಳಲೇಬೇಕಾದಾಗ ಯಾರಿಗೆ ಹೇಳುವುದು?

ಗೂಡಿನ ಮರಕ್ಕೆ ಕೊಡಲಿ ಬೀಳಲಿದೆ, ಹಕ್ಕಿ ಬಿಲಗಳಿರುವ ನದಿದಂಡೆಯಲ್ಲಿ ಮರಳು ತೆಗೆಯುತ್ತಿದ್ದಾರೆ, ಗಿಳಿಮರಿ ಮಾರುತ್ತಿದ್ದಾರೆ ಎಂದು ಗೊತ್ತಾದರೆ ಸುಮ್ಮನಿರುವುದು ತಪ್ಪು. ಆಗ ನಿಖರವಾದ ಜಾಗ, ತಾರೀಕು, ಫೋಟೊ ಎಲ್ಲವನ್ನೂ ಅರಣ್ಯ ಇಲಾಖೆಯ ವಲಯ ಕಚೇರಿಗೆ ಕೊಡಿ, ಬರಹದಲ್ಲಿ ಕೊಡಿ. ಗುಂಪುಗಳಲ್ಲಿ ಹರಿಬಿಟ್ಟರೆ ಕಳ್ಳರೂ ಎಚ್ಚೆತ್ತುಕೊಳ್ಳುತ್ತಾರೆ.

ವಾರವಾರ ಮಾಡಿಟ್ಟ ಪಟ್ಟಿಗಳ ಬಲ ಇಂಥ ಹೊತ್ತಿನಲ್ಲಿ ಗೊತ್ತಾಗುತ್ತದೆ. ಕೆರೆಯಂಗಳಕ್ಕೆ ಮಣ್ಣು ಸುರಿಯುವಾಗ ‘ಇಲ್ಲಿ ಹಕ್ಕಿಗಳಿದ್ದವು’ ಎಂಬ ಬಾಯಿಮಾತಿಗೆ ತೂಕ ಕಡಿಮೆ. ಐದು ವರ್ಷಗಳ ತಾರೀಕು, ಹೆಸರು, ಎಣಿಕೆ ಇರುವ ಪಟ್ಟಿಯನ್ನು ಮುಂದಿಟ್ಟರೆ ಅಧಿಕಾರಿಗಳು ಉತ್ತರ ಕೊಡಬೇಕಾಗುತ್ತದೆ.

ಪಕ್ಷಿತಜ್ಞ ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಅವರ ಸಲಹೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆಗ ಎಲ್ಲೆಲ್ಲಿ ಯಾವ ಹಕ್ಕಿಯಿತ್ತೆಂದು ಇವತ್ತು ನಾವು ಹೋಲಿಸಿ ನೋಡಬಲ್ಲೆವು, ಅವರು ಬರೆದಿಟ್ಟದ್ದರಿಂದ. ನಮ್ಮ ಕಾಲದ ಕೆರೆ, ಗೋಮಾಳ, ಬಡಾವಣೆಗಳ ಲೆಕ್ಕವನ್ನು ಮುಂದಿನವರಿಗೆ ಬರೆದಿಡಬೇಕಾದವರು ನಾವೇ.

ಯುಗಾದಿಯಿಂದ ಶುರುಮಾಡಿ. ಮನೆಗೆ ಹತ್ತಿರದ ಒಂದೇ ಜಾಗ ಆರಿಸಿಕೊಂಡು, ಮೃಗಶಿರಾ ಮಳೆ ಹಿಡಿಯುವ ತನಕ ವಾರಕ್ಕೊಮ್ಮೆ ಬೆಳಿಗ್ಗೆ ಹದಿನೈದು ನಿಮಿಷ ನೋಡಿ, ಪೂರ್ತಿ ಪಟ್ಟಿ ಮಾಡಿ. ಮೇ ತಿಂಗಳಲ್ಲಿ ನಡೆಯುವ ಎಂಡೆಮಿಕ್ ಬರ್ಡ್ ಡೇ, ಅಂದರೆ ನಮ್ಮ ನಾಡಿಗಷ್ಟೇ ಸೀಮಿತವಾದ ಹಕ್ಕಿಗಳ ದಿನದಂದು, ನಿಮ್ಮೂರ ಶಾಲೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಅವರಿಗೆ ಹಕ್ಕಿಯ ಹೆಸರಿನ ಜೊತೆಗೆ ಎರಡು ಪಾಠ ಕಲಿಸಿ: ಕಾಗೆಯನ್ನೂ ಎಣಿಸಬೇಕು, ಗೂಡು ಕಂಡರೆ ಬಾಯಿಬಿಡಬಾರದು.